ಹೆಸರಿಲ್ಲದ ತ್ರಿಪದಿ, ಹೆಸರುಳ್ಳ ಲಾವಣಿ: ಮಧುರಚೆನ್ನ ಮತ್ತು ಹಲಸಂಗಿ ಗೆಳೆಯರ ಸಂಗ್ರಹಕಾರ್ಯ

ಹೊರ್ತಿ, ಹಲಸಂಗಿ, ಚಡಚಣ, ಲೋಣಿ ಇವೆಲ್ಲ ಭೀಮೆಯ ದಕ್ಷಿಣಕ್ಕೆ ಹರಡಿದ ಬಿಳಿಜೋಳದ ಬಯಲಿನ ಊರುಗಳು. ಸೊಲ್ಲಾಪುರದ ಪೇಟೆ ಇವಕ್ಕೆ ಹತ್ತಿರ, ಧಾರವಾಡದ ವಿದ್ವತ್ತು ದೂರ. ಮುಂಬಯಿ ಪ್ರಾಂತದ ಆಡಳಿತದಲ್ಲಿ ಮರಾಠಿಯ ವರ್ಚಸ್ಸು ಇಲ್ಲಿ ದಟ್ಟವಾಗಿತ್ತು. ಇಂಥ ಅಂಚಿನ ಸೀಮೆಯಲ್ಲಿ, ಕಾಲೇಜಿನ ಮೆಟ್ಟಿಲು ಹತ್ತದ ಕೆಲವರು ಸೇರಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಆಧುನಿಕ ಕನ್ನಡಕ್ಕೆ ಜನಪದ ಕಾವ್ಯದ ರುಚಿ ಹತ್ತಿಸಿದ ಸಂಕಲನಗಳಲ್ಲಿ ಅದಕ್ಕೆ ಮೊದಲ ಸಾಲಿನ ಸ್ಥಾನವಿದೆ. ಆ ಗೆಳೆಯರ ನಡುವಿನ ಕವಿ ಮಧುರಚೆನ್ನರನ್ನು ನಮ್ಮ ಸಾಹಿತ್ಯಚರಿತ್ರೆ ಎರಡು ಬೇರೆ ಕಪಾಟುಗಳಲ್ಲಿ ಇಟ್ಟಿದೆ: ಒಂದರಲ್ಲಿ ಅನುಭಾವಿ, ಇನ್ನೊಂದರಲ್ಲಿ ಹಾಡು ಕೂಡಿಸಿದವರು. ಈ ವಿಂಗಡಣೆಯಿಂದ ಎರಡೂ ಕಡೆ ನಷ್ಟವಾಗಿದೆ ಎಂಬುದು ಈ ಲೇಖನದ ವಾದ.

ಮಧುರಚೆನ್ನ ಎಂಬ ಕಾವ್ಯನಾಮದ ಚೆನ್ನಮಲ್ಲಪ್ಪ ಗಲಗಲಿ ಹುಟ್ಟಿದ್ದು 1903ರ ಜುಲೈ 31ರಂದು, ಇಂಡಿ ತಾಲೂಕಿನ ಹಿರೇಲೋಣಿಯಲ್ಲಿ, ಬಾಳಿದ್ದು ಹಲಸಂಗಿಯಲ್ಲಿ. ಓದು ಮುಲ್ಕಿ ಪರೀಕ್ಷೆಗೆ ಮುಗಿಯಿತು. ಇಂಗ್ಲಿಷ್ ಮೊದಲಾದ ಭಾಷೆಗಳನ್ನು ಸ್ವಂತ ಪರಿಶ್ರಮದಿಂದ ಕಲಿತರು. ಟಾಲ್‌ಸ್ಟಾಯ್ ತನ್ನ ನಂಬಿಕೆಯ ಬಿಕ್ಕಟ್ಟನ್ನು ತೋಡಿಕೊಂಡ ಪುಸ್ತಕ ಇವರ ಕೈಯಲ್ಲಿ ‘ಬಾಳಿನಲ್ಲಿ ಬೆಳಕು’ ಎಂದು ಕನ್ನಡವಾಯಿತು. ಅದೇ ಬಗೆಯ ತೊಳಲಾಟವನ್ನು ತಮ್ಮದೇ ಬದುಕಿನಿಂದ ಎತ್ತಿ ಬರೆದ ಗದ್ಯ ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಪುಸ್ತಕಗಳಲ್ಲಿದೆ. ಕನ್ನಡದಲ್ಲಿ ಆತ್ಮಕಥನ ಎಂಬ ಪ್ರಕಾರ ಇನ್ನೂ ಕಣ್ಣು ಬಿಡುತ್ತಿದ್ದಾಗ ಒಬ್ಬ ಹಳ್ಳಿಗ ಸಂದೇಹವನ್ನೇ ವಸ್ತುವಾಗಿಸಿ ಬರೆದದ್ದು ಸಣ್ಣ ಮಾತಲ್ಲ. ಈ ಗದ್ಯಕ್ಕೆ ಸಿಗಬೇಕಾದ ಓದು ಸಿಕ್ಕಿಲ್ಲ. ಮುಂದೆ ಶ್ರೀ ಅರವಿಂದರ ಪೂರ್ಣಯೋಗದತ್ತ ಹೊರಳಿದರು. 1953ರ ಆಗಸ್ಟ್ 15ರಂದು, ಅರವಿಂದರ ಜನ್ಮದಿನದಂದೇ, ಐವತ್ತರ ಹರೆಯದಲ್ಲಿ ತೀರಿಕೊಂಡರು. ಈ ಕಾಕತಾಳೀಯ ಅವರ ಅನುಭಾವಿ ಚಿತ್ರವನ್ನು ಇನ್ನಷ್ಟು ಗಟ್ಟಿಗೊಳಿಸಿತು, ಹಾಡಿನ ಚೆನ್ನಮಲ್ಲಪ್ಪ ಹಿಂದೆ ಸರಿದರು.

ಹಲಸಂಗಿ ಗೆಳೆಯರಲ್ಲಿ ಚಡಚಣದ ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಪ್ರಮುಖರು. ಜಾತಿ, ಮತ ಬೇರೆ ಬೇರೆ. ಬದುಕಿನ ಮಟ್ಟ ಹೆಚ್ಚುಕಡಿಮೆ ಒಂದೇ. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇತ್ತು, ಅದರ ನಂಟೂ ಇವರಿಗಿತ್ತು. ಆದರೆ ಹಲಸಂಗಿಯ ಕೂಟಕ್ಕೆ ಪತ್ರಿಕೆ, ಕಾಲೇಜು, ವಕೀಲಿ ಯಾವ ಆಸರೆಯೂ ಇರಲಿಲ್ಲ. ಇದ್ದದ್ದು ತಮ್ಮ ಮನೆಯ ಬೀಸುಕಲ್ಲು, ಊರ ಲಾವಣಿ ಮೇಳ.

ಇವರಿಗಿಂತ ಮೊದಲು ಕನ್ನಡದ ಹಾಡುಗಳನ್ನು ಕೂಡಿಸಿದವರು ಇಲ್ಲದಿಲ್ಲ. ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಜನಪದ ಗೀತೆಗಳ ಪುಸ್ತಕ ತಂದ. ಶಾಸನತಜ್ಞ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಅಚ್ಚುಹಾಕಿಸಿದ, ಸಂಗೊಳ್ಳಿ ರಾಯಣ್ಣನ ಲಾವಣಿ ಅದರಲ್ಲೊಂದು. ಆಳುವವರ ಕಿವಿಗೆ ಲಾವಣಿ ಬಿದ್ದದ್ದು ಸಹಜವೇ, ಅದು ಚಾವಡಿಯಲ್ಲಿ, ಜಾತ್ರೆಯಲ್ಲಿ, ಜನ ನೆರೆದಲ್ಲಿ ಹಾಡುವಂಥದು. ಬೀಸುವ ಪದ ಹಾಗಲ್ಲ. ನಸುಕಿನಲ್ಲಿ ಇಬ್ಬರು ಹೆಂಗಸರು ಎದುರುಬದುರು ಕೂತು, ಒಬ್ಬಳು ಎತ್ತಿದ ನುಡಿಯನ್ನು ಇನ್ನೊಬ್ಬಳು ಹಿಡಿದು ಬೆಳೆಸುವ ತ್ರಿಪದಿ ಅದು. ತವರು, ಅಣ್ಣ, ಕೂಸು, ಅತ್ತೆ, ಪಂಚಮಿ, ಕುಲದೇವರು ಎಲ್ಲವೂ ಅಲ್ಲಿ ಬರುತ್ತವೆ. ಅದನ್ನು ಬರೆದುಕೊಳ್ಳಬೇಕಾದರೆ ಅಡಿಗೆಮನೆಯ ಹೊಸ್ತಿಲವರೆಗೆ ಸಲಿಗೆ ಬೇಕು. ಹೊರಗಿನ ಅಧಿಕಾರಿಗೆ ಅದು ಸಿಗದು. ಮಗನಿಗೆ, ತಮ್ಮನಿಗೆ, ಮೊಮ್ಮಗನಿಗೆ ಸಿಕ್ಕೀತು. ಹಲಸಂಗಿಯವರಿಗೆ ಆ ಸಲಿಗೆ ಹುಟ್ಟಿನಿಂದ ಇತ್ತು.

ಇಲ್ಲೊಂದು ತೊಡಕಿದೆ. ಲಾವಣಿಕಾರ ತನ್ನ ಪದದ ಕೊನೆಯಲ್ಲಿ ಊರನ್ನೂ ಹೆಸರನ್ನೂ, ಕೆಲವೊಮ್ಮೆ ಗುರುವಿನ ಹೆಸರನ್ನೂ ಕಟ್ಟಿಬಿಡುತ್ತಾನೆ. ಹರದೇಶಿ–ನಾಗೇಶಿ ಮೇಳಗಳ ಸವಾಲು–ಜವಾಬಿನಲ್ಲಿ ಹೆಸರೇ ಪಂತದ ಸರಕು. ಅದಿಲ್ಲದೆ ಗೆದ್ದವರಾರು, ಸೋತವರಾರು? ಹೀಗಾಗಿ ಹಲಸಂಗಿಯ ಲಾವಣಿಕಾರ ಖಾಜಾಭಾಯಿ ಹೆಸರು ಇಂದಿಗೂ ಉಳಿದಿದೆ. ಹಲಸಂಗಿ ಗೆಳೆಯರ 1933ರ ಸಂಗ್ರಹ ‘ಜೀವನ ಸಂಗೀತ’ದ ಲಾವಣಿಗಳನ್ನು ಓದುವವರಿಗೆ ಕವಿ ಯಾರೆಂದು ಹುಡುಕುವ ಹಾದಿ ಪದದೊಳಗೇ ಇದೆ. ಬೀಸುವ ತ್ರಿಪದಿಗೆ ಅಂಕಿತವಿಲ್ಲ. ಹಾಡಿದವಳು ತಾನೇ ಕಟ್ಟಿದಳೋ, ಅತ್ತೆಯಿಂದ ಕಲಿತಳೋ, ತವರಿಂದ ತಂದಳೋ ಎಂಬುದು ಆ ಮನೆಗಷ್ಟೇ ಗೊತ್ತು. ಅಚ್ಚಿಗೆ ಬಂದಾಗ ‘ಗರತಿ’ ಎಂಬ ಒಂದೇ ಗೌರವದ ಸೆರಗಿನಡಿ ಅವರೆಲ್ಲ ಒಂದಾದರು. ಸಂಗ್ರಾಹಕರ ಹೆಸರು ಉಳಿಯಿತು, ಹಾಡಿದವರದು ಅಳಿಯಿತು. ಗೆಳೆಯರನ್ನು ದೂರಲು ಇದನ್ನು ಹೇಳುತ್ತಿಲ್ಲ. ಆ ಕಾಲದ ಮನೆತನಗಳು ಹೆಣ್ಣುಮಕ್ಕಳ ಹೆಸರನ್ನು ಅಚ್ಚಿಗೆ ಕೊಡುತ್ತಿದ್ದವೆಂದು ನಂಬುವುದು ಕಷ್ಟ. ಆದರೂ ಆ ಆಯ್ಕೆಯ ಪರಿಣಾಮ ನಮ್ಮ ವಿಮರ್ಶೆಯ ಮೇಲಾಗಿದೆ. ಗರತಿಯನ್ನು ಆದರ್ಶ ಗೃಹಿಣಿಯೆಂದು ಕೊಂಡಾಡುವ ಭರದಲ್ಲಿ ಆ ಪದಗಳೊಳಗಿನ ಕೊಂಕು, ಸಿಟ್ಟು, ಅಣಕಗಳನ್ನು ನಾವು ಬಹಳ ಕಾಲ ಮೆಲ್ಲಗೆ ದಾಟಿ ಹೋದೆವು.

ಹಾಡಿದವರ ಹೆಸರು ಉಳಿಯುವ ಬಗೆಗೆ ಉಕ್ರೇನಿನ ಉದಾಹರಣೆ ಇಲ್ಲಿ ಉಪಯುಕ್ತ. ಜೀತದ ಮನೆಯಲ್ಲಿ 1814ರಲ್ಲಿ ಹುಟ್ಟಿದ ತಾರಾಸ್ ಶೆವ್ಚೆಂಕೊ 1840ರಲ್ಲಿ ತನ್ನ ಮೊದಲ ಕವನ ಸಂಕಲನಕ್ಕೆ ‘ಕೊಬ್ಜಾರ್’ ಎಂದು ಹೆಸರಿಟ್ಟ. ಕೊಬ್ಜಾ ಎಂಬ ತಂತಿವಾದ್ಯ ನುಡಿಸುತ್ತ ಊರೂರು ತಿರುಗುವ, ಬಹುಪಾಲು ಕುರುಡರಾದ ಹಾಡುಗಾರರಿಗೆ ಅಲ್ಲಿ ಆ ಹೆಸರು. 1847ರಲ್ಲಿ ಅವನನ್ನು ಬಂಧಿಸಿ, ಬರೆಯಬಾರದು, ಚಿತ್ರ ಬಿಡಿಸಬಾರದು ಎಂಬ ಕಟ್ಟಪ್ಪಣೆಯೊಂದಿಗೆ ಗಡೀಪಾರು ಮಾಡಲಾಯಿತು. 1876ರಲ್ಲಿ ಜಾರ್ ದೊರೆ ಉಕ್ರೇನಿ ಭಾಷೆಯ ಮುದ್ರಣವನ್ನೇ ಹೆಚ್ಚುಕಡಿಮೆ ನಿಷೇಧಿಸಿದ. ಹಾಡು ಕೂಡಿಸುವುದು ಅಲ್ಲಿ ರಾಜಕೀಯ ಕೃತ್ಯವಾಯಿತು. ಇಂಡಿ ಸೀಮೆಯಲ್ಲಿ ಅಂಥ ಅಪಾಯವಿರಲಿಲ್ಲ. ಆದರೆ ಉಕ್ರೇನಿನ ಸಂಗ್ರಾಹಕರು ಹಾಡುಗಾರನ ಹೆಸರನ್ನು ಬಿಡಲಿಲ್ಲ ಎಂಬುದು ನಮಗೆ ಮುಖ್ಯ. ಕುರುಡ ಗಾಯಕ ಓಸ್ತಾಪ್ ವೆರೆಸಾಯ್ 1873ರಲ್ಲಿ ಕೀವ್‌ನ ವಿದ್ವಾಂಸರೆದುರು ಹಾಡಿದ. ಸಂಗೀತಗಾರ ಮಿಕೋಲಾ ಲಿಸೆಂಕೊ ಅವನ ಹಾಡಿಕೆಯ ಬಗ್ಗೆಯೇ ಪ್ರಬಂಧ ಬರೆದ. ಕವಯಿತ್ರಿ ಲೆಸ್ಯಾ ಉಕ್ರಯಿಂಕಾ 1913ರಲ್ಲಿ ತೀರಿಕೊಂಡ ಮೇಲೆ, ಆಕೆಯ ಕಂಠದಿಂದ ಬರೆದುಕೊಂಡ ಜನಪದ ಮಟ್ಟುಗಳನ್ನು ಪತಿ ಕ್ಲಿಮೆಂಟ್ ಕ್ವಿತ್ಕಾ 1917ರಲ್ಲಿ ಅವಳ ಹೆಸರಿನಲ್ಲೇ ಪ್ರಕಟಿಸಿದ. ಕವಿಯೇ ಹಾಡುಗಾರ್ತಿಯಾಗಿ ದಾಖಲಾದ ಸಂದರ್ಭವದು. ಮಟ್ಟನ್ನೂ ಅವರು ಬರೆದಿಟ್ಟರು, ನಮ್ಮವರಿಗೆ ಪಠ್ಯವಷ್ಟೇ ದಕ್ಕಿತು. ಬೀಸುವ ಕಲ್ಲಿನ ಲಯ ತಿಳಿಯದವರಿಗೆ ‘ಗರತಿಯ ಹಾಡು’ ಇಂದು ಬರಿಯ ಓದುಗವಿತೆ.

ಈಗ ‘ನನ್ನ ನಲ್ಲ’ಕ್ಕೆ ಬರೋಣ. ಮಧುರಚೆನ್ನರ ಈ ದೀರ್ಘ ಕವಿತೆಯಲ್ಲಿ ಜೀವ ಹೆಣ್ಣಾಗಿ ದೈವವನ್ನು ನಲ್ಲನೆಂದು ಕರೆಯುತ್ತದೆ. ವಿಮರ್ಶಕರು ಇದರ ಬೇರನ್ನು ಶರಣಸತಿ–ಲಿಂಗಪತಿ ಭಾವದಲ್ಲಿ, ಅಕ್ಕನ ವಚನಗಳಲ್ಲಿ ಕಾಣುತ್ತಾರೆ. ತಪ್ಪಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ತಮ್ಮದೇ ಮುದ್ರಣಾಲಯ ನಡೆಸಿ, 1926ರಿಂದ ‘ಶಿವಾನುಭವ’ದ ಮೂಲಕ ವಚನಗಳನ್ನು ಹರಡುತ್ತಿದ್ದ ಕಾಲವದು, ಆ ಗಾಳಿ ಹಲಸಂಗಿಗೆ ಬೀಸದೆ ಇರದು. ಆದರೆ ಬಳಿಯಲ್ಲೇ ಇನ್ನೊಂದು ಮೂಲವಿತ್ತು. ಹೆಣ್ಣಿನ ದನಿಯಲ್ಲಿ ಮಾತಾಡುವುದನ್ನು, ದೂರದಲ್ಲಿರುವವನನ್ನು ಹತ್ತಿರದವನಂತೆ ಬೈದು, ಮುದ್ದಿಸಿ ಕರೆಯುವುದನ್ನು ಚೆನ್ನಮಲ್ಲಪ್ಪ ದಿನದಿನ ಬರೆದುಕೊಳ್ಳುತ್ತಿದ್ದರು. ಕವಿತೆಯಲ್ಲಿ ತತ್ತ್ವಪದದ ಬಿಗುವಿಗಿಂತ ಮನೆಮಾತಿನ ಸಲಿಗೆ ಹೆಚ್ಚು. ಆ ಸಲಿಗೆ ಯೋಗಗ್ರಂಥದಿಂದ ಬಾರದು. ಅನುಭಾವಿಯನ್ನೂ ಸಂಗ್ರಾಹಕನನ್ನೂ ಬೇರ್ಪಡಿಸಿದಾಗ ಕೈತಪ್ಪುವುದು ಇದೇ: ತನ್ನ ಹೆಸರನ್ನು ಬಿಟ್ಟುಕೊಟ್ಟ ಹೆಣ್ಣಿನ ದನಿ ಒಬ್ಬ ಗಂಡು ಕವಿಯ ಅಂಕಿತದಡಿ ಮರಳಿ ಬಂದಿದೆ. ಅದನ್ನು ಋಣವೆನ್ನಬಹುದು, ಮುಂದುವರಿಕೆಯೆನ್ನಬಹುದು. ನನಗೆ ಋಣವೆನ್ನುವುದೇ ಸರಿಯೆನಿಸುತ್ತದೆ.

ಮಧುರಚೆನ್ನರ ನಂತರ ನಾಲ್ಕು ದಶಕ ಬಾಳಿದ ಸಿಂಪಿ ಲಿಂಗಣ್ಣ, ಶಾಲಾಮಾಸ್ತರಿಕೆಯ ಜೊತೆಗೇ, ಹಾಡುಗಳಿಗೆ ವ್ಯಾಖ್ಯಾನ ಬರೆಯುವ ಕೆಲಸ ಮುಂದುವರಿಸಿದರು. ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಇಳಿವಯಸ್ಸಿನಲ್ಲಿ ಬಂತು. 1950ರ ದಶಕದಲ್ಲಿ ಬಿ.ಎಸ್. ಗದ್ದಗಿಮಠರ ಸಂಶೋಧನೆಯೊಂದಿಗೆ ಜನಪದ ಗೀತೆ ವಿಶ್ವವಿದ್ಯಾಲಯದ ವಿಷಯವಾಯಿತು. ಅಷ್ಟರಲ್ಲಿ ಹಿಟ್ಟಿನ ಗಿರಣಿಗಳು ಹಳ್ಳಿ ಹೊಗತೊಡಗಿ ಹಾಡಿನ ವೇಳೆಯನ್ನೇ ಕಸಿದಿದ್ದವು. ಹಾಡುಗಾರ್ತಿಗೆ ಹೆಸರು ಸಿಗಲು ಮತ್ತಷ್ಟು ಕಾಲ ಹಿಡಿಯಿತು. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರು ದಾಖಲಿಸಿದಾಗ ಪುಸ್ತಕದ ಕೇಂದ್ರದಲ್ಲಿ ನಿಂತವಳು ಅಜ್ಜಿಯೇ. ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹೊರ್ತಿ–ಹಲಸಂಗಿ ಸೀಮೆಯಲ್ಲಿ ಹಾಡುಗಾರ್ತಿಯರನ್ನು ಗುರುತಿಸುವ ಈ ಕೆಲಸ ಹಿಡಿಯುವವರು ಅಚ್ಚಾದ ತ್ರಿಪದಿಗಳಿಂದ ಹಿಂದಕ್ಕೆ ನಡೆಯಬೇಕು. ಯಾವ ನುಡಿ ಯಾವ ಮನೆತನದ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿದೆ, ಯಾವುದು ಪುಸ್ತಕದಿಂದಲೇ ಮರಳಿ ಬಾಯಿಗೆ ಬಂದಿದೆ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಮಟ್ಟನ್ನು ಧ್ವನಿಮುದ್ರಿಸಿಕೊಂಡು, ಅದರ ಜೊತೆ ‘ನನ್ನ ನಲ್ಲ’ದ ಲಯವನ್ನು ಇಟ್ಟು ಕೇಳಬೇಕು.