ಗೇಲಿಕ್ ಫುಟ್‌ಬಾಲಿನ ಕ್ಲಬ್ ಋತು: ಬದಲಾದ ವೇಳಾಪಟ್ಟಿ, ಬದಲಾಗದ ಹೊರೆ

ಐರ್ಲೆಂಡಿನಲ್ಲಿ ಗೇಲಿಕ್ ಫುಟ್‌ಬಾಲ್ ಆಡುವವನು ಮೊದಲು ತನ್ನ ಊರಿನ ಕ್ಲಬ್ಬಿನವನು, ಆಮೇಲೆ ಕೌಂಟಿಯವನು. 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಬೇರುಬಿಟ್ಟದ್ದು ಪ್ಯಾರಿಷ್‌ಗಳಲ್ಲಿ, ಎಂದರೆ ಒಂದೊಂದು ಚರ್ಚಿನ ಸುತ್ತಲಿನ ಊರುಕೇರಿಗಳಲ್ಲಿ. ಎಷ್ಟೇ ಹೆಸರು ಮಾಡಿದ ಆಟಗಾರನಿಗೂ ಇಲ್ಲಿ ಸಂಬಳವಿಲ್ಲ. ಆದರೂ ಬಹುಕಾಲ ಕಾಯುತ್ತ ಕೂರಬೇಕಾದದ್ದು ಕ್ಲಬ್ಬುಗಳೇ. ಕೌಂಟಿ ತಂಡ ಬೇಸಿಗೆಯಲ್ಲಿ ಗೆಲ್ಲುತ್ತ ಹೋದಂತೆ ಕ್ಲಬ್ ಪಂದ್ಯಗಳು ಮುಂದೂಡಲ್ಪಡುತ್ತಿದ್ದವು. ಕೌಂಟಿಗೆ ಆಡದ ಬಹುಪಾಲು ಆಟಗಾರರಿಗೆ ತಮ್ಮ ಮುಂದಿನ ಪಂದ್ಯ ಯಾವಾಗ ಎಂಬುದೇ ಖಚಿತವಿರುತ್ತಿರಲಿಲ್ಲ.

2022ರಲ್ಲಿ ಋತುವನ್ನು ಎರಡು ಭಾಗ ಮಾಡಲಾಯಿತು. ಕೌಂಟಿ ಫೈನಲ್ ಜುಲೈನಲ್ಲೇ ಮುಗಿದು, ಅಲ್ಲಿಂದಾಚೆ ಜನವರಿಯವರೆಗಿನ ಕಾಲ ಕ್ಲಬ್ಬುಗಳ ಪಾಲಾಯಿತು. ಇದು ತಡವಾಗಿ ಸಂದ ನ್ಯಾಯ ಎಂದೇ ನಾನು ತಿಳಿಯುತ್ತೇನೆ. ಆದರೆ ನ್ಯಾಯದ ಇನ್ನೊಂದು ಮುಖ ಹಾಗೆಯೇ ಉಳಿಯಿತು ಎಂಬುದಕ್ಕೆ ಆ ಮೊದಲ ಋತುವೇ ಸಾಕ್ಷಿ.

2023ರ ಜನವರಿ 22ರಂದು ಕ್ರೋಕ್ ಪಾರ್ಕ್‌ನಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಫೈನಲ್. ಒಂದು ಕಡೆ ಡಬ್ಲಿನ್‌ನ ದಕ್ಷಿಣ ಬಡಾವಣೆಗಳ, ಸಾವಿರಾರು ಸದಸ್ಯರ ಕಿಲ್ಮಕಡ್ ಕ್ರೋಕ್ಸ್. ಇನ್ನೊಂದು ಕಡೆ ಡೆರ್ರಿ ಕೌಂಟಿಯ ಸಣ್ಣ ಪಟ್ಟಣ ಮಹೆರಾದ ಗ್ಲೆನ್. ಗ್ಲೆನ್ ತನ್ನ ಕೌಂಟಿಯ ಸೀನಿಯರ್ ಪ್ರಶಸ್ತಿಯನ್ನು ಮೊದಲ ಬಾರಿ ಗೆದ್ದದ್ದೇ 2021ರಲ್ಲಿ. ಕೊನೆಯ ಗಳಿಗೆಯಲ್ಲಿ ಅದು ಎರಡು ಅಂಕ ಹಿಂದಿತ್ತು. ಆಗಿನ ನಿಯಮದಲ್ಲಿ ಚೆಂಡು ಅಡ್ಡಪಟ್ಟಿಯ ಮೇಲೆ ಹಾರಿದರೆ ಒಂದೇ ಅಂಕ, ಬಲೆಗೆ ಬಿದ್ದು ಗೋಲಾದರೆ ಮೂರು. ಗೋಲೊಂದು ದಕ್ಕಿದ್ದರೆ ಕಪ್ಪು ಗ್ಲೆನ್‌ನದಾಗುತ್ತಿತ್ತು. ಅದಕ್ಕಾಗಿ ಗ್ಲೆನ್ ನಡೆಸಿದ ಕೊನೆಯ ದಾಳಿಯ ಹೊತ್ತಿನಲ್ಲಿ, ಆಟಗಾರರನ್ನು ಬದಲಿಸುವ ಗಡಿಬಿಡಿಯಲ್ಲಿ, ಕಿಲ್ಮಕಡ್‌ನ ನಿಯಮ ಒಪ್ಪುವ ಹದಿನೈದಕ್ಕಿಂತ ಹೆಚ್ಚು ಮಂದಿ ಮೈದಾನದಲ್ಲಿದ್ದರು. ಪಂದ್ಯ ಕಿಲ್ಮಕಡ್ ಪರವಾಗಿ 1-11, 1-9ಕ್ಕೆ (ಮೊದಲಂಕಿ ಗೋಲುಗಳು, ಎರಡನೆಯದು ಒಂಟಿ ಅಂಕಗಳು) ಮುಗಿಯಿತು.

ನಿಯಮದಲ್ಲಿ ಶಿಕ್ಷೆ ಇತ್ತು, ಆದರೆ ಆಕ್ಷೇಪಣೆ ಸಲ್ಲಿಸಬೇಕಾದದ್ದು ಸೋತ ಕ್ಲಬ್ಬು. ಗ್ಲೆನ್ ಸಲ್ಲಿಸಿತು, ಮರುಪಂದ್ಯದ ಆದೇಶವೂ ಬಂತು. ಕಿಲ್ಮಕಡ್ ಮೇಲ್ಮನವಿಗೆ ಹೋದಾಗ ಗ್ಲೆನ್ ಹಿಂದೆ ಸರಿಯಿತು. ಮರುವರ್ಷ ಅದೇ ಗ್ಲೆನ್ ಸೇಂಟ್ ಬ್ರಿಜಿಡ್ಸ್ ತಂಡವನ್ನು 2-10, 1-12ರಿಂದ, ಅಂದರೆ ಒಂದೇ ಅಂಕದಿಂದ, ಮಣಿಸಿ ಕಪ್ಪು ಎತ್ತಿತು. ಆ ಗೆಲುವು ಹಳೆಯ ತೊಡಕನ್ನು ಮರೆಸಿತೇ ಹೊರತು ಬಿಡಿಸಲಿಲ್ಲ. ಸ್ವಯಂಸೇವಕರೇ ನಡೆಸುವ ಊರ ಕ್ಲಬ್ಬಿಗೆ ವಾದಿಯ ಪಾತ್ರವನ್ನು ಹೊರಿಸುವುದು ತಪ್ಪು. ಲಕ್ಷಾಂತರ ಕಣ್ಣುಗಳ ಮುಂದೆ ನಡೆದ ಉಲ್ಲಂಘನೆಯನ್ನು ಸಂಘದ ಸಮಿತಿಯೇ ತಾನಾಗಿ ಕೈಗೆತ್ತಿಕೊಳ್ಳುವಂತೆ ನಿಯಮ ಇರಬೇಕಿತ್ತು.