ಬೆಳಕು ಎಲ್ಲಿಂದ ನುಗ್ತು? ಹಳೇ ರೇಂಜ್‌ಫೈಂಡರ್‌ಗಳ ಸೋರಿಕೆ ಕಥೆ

1/6
ಯುಗಾದಿಗೆ ಅಜ್ಜಿ ಮನೇಲಿ ಒಂದು ಹಳೇ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಒಂದು ಇಡೀ ಕಲರ್ ರೋಲ್ ತೆಗೆದೆ. 36 ಫೋಟೋ. ಸ್ಕ್ಯಾನ್ ಬಂದಾಗ ಹೆಚ್ಚುಕಮ್ಮಿ ಎಲ್ಲದರ ಎಡಗಡೆ ಕೆಂಪು ಪಟ್ಟಿ. ಅಜ್ಜಿ ನೋಡಿ, "ನನ್ ಸೆರಗಿಗೆ ಬೆಂಕಿ ಹಚ್ಚಿದ್ದೀಯಲ್ಲೋ" ಅಂದ್ರು. ಫ್ರೆಂಡ್ಸ್ "ಯಾವ ಫಿಲ್ಟರ್ ಮಗಾ, ಸೂಪರ್" ಅಂದ್ರು. ನಾನು ಸೀದಾ ಲ್ಯಾಬ್‌ಗೆ ಹೋಗಿ, ನೀವೇ ಹಾಳು ಮಾಡಿದ್ದು ಅಂತ ಜಗಳ ಆಡಿದೆ. ಅಲ್ಲಿದ್ದ ಅಣ್ಣ ಒಂದೇ ಮಾತು ಹೇಳಿದ್ರು: "ಸ್ಕ್ಯಾನ್ ನೋಡ್ಬೇಡಪ್ಪ, ನೆಗೆಟಿವ್ ನೋಡು."

ನೆಗೆಟಿವ್ ಓದೋಕೆ ಕಲಿಯುವಾಗ ಗೊತ್ತಾಗಿದ್ದು ಇದು: ಕ್ಯಾಮೆರಾ ಎಲ್ಲಿ ಸೋರುತ್ತೆ ಅನ್ನೋದು, ಅದನ್ನ ಯಾವ ಕಾಲದಲ್ಲಿ ಹೇಗೆ ಕಟ್ಟಿದ್ರು ಅನ್ನೋದರ ಮೇಲೆ ನಿಂತಿದೆ. ಅದಕ್ಕೇ ಈ ಸಲ ಸ್ವಲ್ಪ ಇತಿಹಾಸ.

2/6
ಜರ್ಮನಿಯ ವೆಟ್ಸ್‌ಲಾರ್ ಊರು. ಮೈಕ್ರೋಸ್ಕೋಪ್ ಮಾಡುತ್ತಿದ್ದ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬಾರ್ನಾಕ್ 1913-14ರ ಹೊತ್ತಿಗೆ ಸಿನಿಮಾ ಫಿಲ್ಮ್ ಬಳಸುವ ಪುಟ್ಟ ಕ್ಯಾಮೆರಾ ಮಾಡಿದರು. 1925ರಲ್ಲಿ ಅದು ಲೈಕಾ ಹೆಸರಲ್ಲಿ ಮಾರುಕಟ್ಟೆಗೆ ಬಂತು. 1932ರ ಲೈಕಾ 2ರಲ್ಲಿ ಲೆನ್ಸ್ ಜೊತೆಗೇ ಜೋಡಿಸಿದ ರೇಂಜ್‌ಫೈಂಡರ್ ಬಂತು: ಕಾಣುವ ಎರಡು ಚಿತ್ರ ಒಂದರ ಮೇಲೊಂದು ಕೂತರೆ ಫೋಕಸ್ ಸರಿ ಅಂತ ಅರ್ಥ.

ಈ ಲೈಕಾಗಳಿಗೆ ಹಿಂದೆ ಬಾಗಿಲೇ ಇಲ್ಲ. ತಳದ ಪ್ಲೇಟ್ ತೆಗೆದು ಫಿಲ್ಮ್ ತೂರಿಸಬೇಕು. ಬಾಗಿಲಿಲ್ಲದ ಮನೆಗೆ ಕಳ್ಳ ಹೇಗೆ ಬರ್ತಾನೆ? ಮುಂದಿಂದ. ಇದರ ಶಟರ್ ಅಂದ್ರೆ ರಬ್ಬರ್ ಲೇಪಿಸಿದ ಬಟ್ಟೆಯ ಪರದೆ. ಎಸ್‌ಎಲ್‌ಆರ್‌ನಲ್ಲಿ ಇರೋ ಹಾಗೆ ಮಧ್ಯೆ ಕನ್ನಡಿ ಇಲ್ಲ. ಚಿಕ್ಕೋರಿದ್ದಾಗ ಭೂತಗನ್ನಡಿ ಹಿಡಿದು ಒಣ ಎಲೆ ಸುಟ್ಟಿದ್ದು ನೆನಪಿದ್ಯಾ? ಕ್ಯಾಪ್ ಹಾಕದೆ ಲೆನ್ಸ್ ಸೂರ್ಯನ ಕಡೆ ಇಟ್ಟರೆ ಅದೇ ಕಥೆ, ಪರದೆಯಲ್ಲಿ ತೂತು. ಸುಡದಿದ್ರೂ ವಯಸ್ಸಾದ ಹಾಗೆ ರಬ್ಬರ್ ಬಿರುಕು ಬಿಟ್ಟು ಸೂಜಿಮೊನೆಯಷ್ಟು ತೂತುಗಳಾಗುತ್ತವೆ.

3/6
ಅದೇ 1932ರಲ್ಲಿ ಝೈಸ್ ಇಕಾನ್ ಕಂಪನಿ ಕಾಂಟ್ಯಾಕ್ಸ್ ತಂತು. ಬಟ್ಟೆ ಬೇಡ ಅಂತ ಲೋಹದ ಪಟ್ಟಿಗಳ ಶಟರ್, ಅಂಗಡಿಯ ರೋಲಿಂಗ್ ಶಟರ್ ಥರ. ಬಿಸಿಲಿಗೆ ಸುಡಲ್ಲ. ಆದ್ರೆ ಆ ಪಟ್ಟಿಗಳನ್ನ ಹಿಡಿದಿದ್ದ ರೇಷ್ಮೆ ರಿಬ್ಬನ್ ಹಳೇದಾಗಿ ಕಿತ್ತು ಹೋಗೋದು.

ಈಗಿನ ಉಕ್ರೇನ್‌ನ ಖಾರ್ಕಿವ್‌ನಲ್ಲಿ ಇನ್ನೊಂದು ಕಥೆ. ಬೀದಿಪಾಲಾದ ಮಕ್ಕಳಿಗಾಗಿ ಆಂಟನ್ ಮಕರೆಂಕೊ ನಡೆಸುತ್ತಿದ್ದ ಕಮ್ಯೂನ್‌ನಲ್ಲಿ 1934ರಲ್ಲಿ ಲೈಕಾದ ನಕಲು ತಯಾರಾಗೋಕೆ ಶುರುವಾಯ್ತು. ಹೆಸರು ಫೆಡ್: ಸೋವಿಯತ್ ಗುಪ್ತ ಪೊಲೀಸ್ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಡ್ಜೆರ್ಜಿನ್‌ಸ್ಕಿಯ ಮೊದಲಕ್ಷರಗಳು. ನಮಗಿಂತ ಚಿಕ್ಕ ವಯಸ್ಸಿನವರು ಕೈಯಾರೆ ಮಾಡಿದ ಕ್ಯಾಮೆರಾ! ಲೈಕಾ ನಕಲು ಮಾಡಿದ್ರಿಂದ ಬಟ್ಟೆ ಪರದೆಯ ಕಾಯಿಲೆಯೂ ಜೊತೆಗೇ ಬಂತು.

4/6
ಯುದ್ಧ ಮುಗಿದ ಮೇಲೆ ಜಪಾನ್ ಸರದಿ. 1959ರ ಕ್ಯಾನನ್ ಪಿ ಸ್ಟೀಲ್ ಪರದೆ ಹಾಕ್ತು. ಅದು ಸುಡಲ್ಲ, ಆದ್ರೆ ಬೆರಳು ತಾಗಿದ್ರೆ ಸುಕ್ಕಾಗುತ್ತೆ. 1966ರ ಯಾಶಿಕಾ ಎಲೆಕ್ಟ್ರೋ 35 ಥರದ ಮನೆಮಂದಿ ಕ್ಯಾಮೆರಾಗಳಲ್ಲಿ ಶಟರ್ ಲೆನ್ಸ್ ಒಳಗೇ ಇರುತ್ತೆ, ಪರದೆ ಸುಡೋ ಭಯವೇ ಇಲ್ಲ. ಫಿಲ್ಮ್ ಹಾಕೋದು ಸುಲಭ ಆಗ್ಲಿ ಅಂತ ಹಿಂದೆ ಕೀಲಿನ ಬಾಗಿಲು. ಆ ಕಾಲದ ಇಂಥ ಬಾಗಿಲುಗಳ ಸಂದಿಗೆ ಬೆಳಕು ತಡೆಯೋಕೆ ಕಪ್ಪು ಫೋಮ್ ಅಂಟಿಸ್ತಿದ್ರು. ಲೋಹ, ಗಾಜು ಐವತ್ತು ವರ್ಷ ಬಾಳ್ತು. ಫೋಮ್ ಮಾತ್ರ ಗಾಳಿಯ ತೇವಕ್ಕೆ ಕರಗಿ ಟಾರ್ ಥರ ಅಂಟಂಟು. ಸುಲಭ ಮಾಡಿದ ಬಾಗಿಲೇ ಸೋರೋ ಜಾಗ ಆಯ್ತು.

5/6
ಈಗ ನೆಗೆಟಿವ್ ಓದೋಣ. ಸೇವ್ ಮಾಡ್ಕೊಳ್ಳಿ.

▪️ ಕಲೆ ಫ್ರೇಮ್ ದಾಟಿ ಅಂಚಿನ ತೂತುಗಳವರೆಗೂ ಹರಡಿದ್ಯಾ? ಬಾಗಿಲಿನ ಅಥವಾ ಬಾಡಿಯ ಸೋರಿಕೆ. ಫ್ರೇಮ್ ಒಳಗೇ ನಿಂತಿದ್ರೆ ಮುಂದಿನಿಂದ, ಅಂದ್ರೆ ಶಟರ್ ಅಥವಾ ಲೆನ್ಸ್ ಕಡೆಯಿಂದ. ಸ್ಕ್ಯಾನ್‌ನಲ್ಲಿ ಅಂಚು ಕತ್ತರಿಸಿರ್ತಾರೆ, ಅದಕ್ಕೇ ನೆಗೆಟಿವ್ ವಾಪಸ್ ಕೇಳಿ.
▪️ ಕಲರ್ ಫಿಲ್ಮ್‌ನಲ್ಲಿ ಕೆಂಪು, ಕಿತ್ತಳೆ ಅಂದ್ರೆ ಬೆಳಕು ಫಿಲ್ಮ್‌ನ ಬೆನ್ನಿನಿಂದ ಬಂದಿದೆ. ಕೆಂಪು ಹಿಡಿಯುವ ಪದರ ಹಿಂದಿನಿಂದ ಮೊದಲು ಸಿಗೋದು.
▪️ ಲೆನ್ಸ್ ಚಿತ್ರವನ್ನ ತಲೆಕೆಳಗೆ, ಎಡಬಲ ಅದಲುಬದಲು ಮಾಡುತ್ತೆ. ಫೋಟೋದ ಮೇಲ್ಗಡೆ ಕಲೆ ಇದ್ರೆ ಕ್ಯಾಮೆರಾದ ತಳ ನೋಡಿ. ಫೋಟೋದ ಎಡಗಡೆ ಇದ್ರೆ ಕ್ಯಾಮೆರಾದ ಬಲಗಡೆ.
▪️ ಒಂದೇ ಜಾಗದಲ್ಲಿ ಮಸುಕು ಚುಕ್ಕೆ, ಬಿಸಿಲಲ್ಲಿ ಜಾಸ್ತಿ, ಕ್ಯಾಪ್ ಹಾಕಿಟ್ಟಾಗ ಇಲ್ಲ ಅಂದ್ರೆ ಪರದೆ ತೂತು. ಲೆನ್ಸ್ ಬಿಚ್ಚಿ, ಕತ್ತಲ ರೂಮಲ್ಲಿ ಟಾರ್ಚ್ ಬಿಟ್ಟು ನೋಡಿ.
▪️ ಮೊದಲ ಎರಡು ಮೂರು ಫ್ರೇಮ್ ಮಾತ್ರ ಹಾಳಾಗಿದ್ರೆ, ಬಿಸಿಲಲ್ಲಿ ನಿಂತು ರೋಲ್ ಹಾಕಿದ್ರಾ ಅಂತ ನೆನಪು ಮಾಡ್ಕೊಳ್ಳಿ.

6/6
ಇನ್ನು ನನ್ನ ಕೇಸು. ಕೆಂಪು ಬಣ್ಣ, ಹಾಗಾಗಿ ಹಿಂದಿನಿಂದ. ಅಂಚಿನ ತೂತಿನವರೆಗೂ ಹರಡಿದೆ, ಹಾಗಾಗಿ ಬಾಗಿಲು. ಫೋಟೋದ ಎಡ, ಹಾಗಾಗಿ ಕ್ಯಾಮೆರಾದ ಬಲ, ಅಂದ್ರೆ ಕೀಲಿನ ಕಡೆ. ತೆಗೆದು ನೋಡಿದ್ರೆ ಅಲ್ಲಿನ ಫೋಮ್ ಬೆರಳಿಗೆ ಅಂಟ್ತು. ವೌಚರ್ ನೋಡದೆ ಎಂಟ್ರಿ ನಂಬಬೇಡಿ ಅಂತ ಆಡಿಟಿಂಗ್ ಕ್ಲಾಸಲ್ಲಿ ಎಷ್ಟು ಸಲ ಕೇಳಿದ್ದೀನಿ! ನೆಗೆಟಿವ್ ನೋಡದೆ ಒಬ್ಬರ ಮೇಲೆ ತಪ್ಪು ಹೊರಿಸಿಬಿಟ್ಟಿದ್ದೆ.

ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಡ್ಸ್‌ನಲ್ಲಿ ಹಳೇ ಫೋಮ್ ತೆಗೆದು, ಹೊಸ ಪಟ್ಟಿ ಅಂಟಿಸಿದೆ. ಮುಂದಿನ ರೋಲ್ ಕ್ಲೀನ್ ಬಂತು. ಅದನ್ನ ಹಿಡ್ಕೊಂಡು ಲ್ಯಾಬ್‌ಗೆ ಹೋಗಿ ಸಾರಿ ಕೇಳಿದೆ. ಅಣ್ಣ ನಕ್ಕು ಟೀ ತರಿಸಿದ್ರು.

ಯುಗಾದಿಯ ಆ 36 ಫೋಟೋ ಮಾತ್ರ ವಾಪಸ್ ಬರಲ್ಲ. ನಿಮ್ಮನೇಲೂ ಅಟ್ಟದ ಮೇಲೆ ಹಳೇ ಕ್ಯಾಮೆರಾ ಇದ್ರೆ, ರೋಲ್ ಹಾಕೋ ಮುಂಚೆ ಒಂದ್ಸಲ ಬಾಗಿಲು ತೆಗೆದು ಫೋಮ್ ಮುಟ್ಟಿ ನೋಡಿ. ಬೆರಳು ಕಪ್ಪಾದ್ರೆ ಕಮೆಂಟ್‌ನಲ್ಲಿ ಹೇಳಿ, ಸೇರಿ ಸರಿ ಮಾಡೋಣ.

#ಫಿಲ್ಮ್‌ಕ್ಯಾಮೆರಾ #ರೇಂಜ್‌ಫೈಂಡರ್ #ಕ್ಯಾಮೆರಾಇತಿಹಾಸ