ದಿ ಇನ್ನೊಸೆಂಟ್ಸ್: ದೆವ್ವಗಳ ಬಂಗಲೆ, ನಾಪತ್ತೆ ಯಜಮಾನ

‘ದಿ ಇನ್ನೊಸೆಂಟ್ಸ್’ (1961) ಜ್ಯಾಕ್ ಕ್ಲೇಟನ್ ನಿರ್ದೇಶನದ ಬ್ರಿಟಿಷ್ ಕಪ್ಪು-ಬಿಳುಪು ಹಾರರ್ ಸಿನಿಮಾ. ಮೂಲ, ಹೆನ್ರಿ ಜೇಮ್ಸ್ ಬರೆದ 1898ರ ಕಿರುಕಾದಂಬರಿ ‘ದಿ ಟರ್ನ್ ಆಫ್ ದಿ ಸ್ಕ್ರೂ’.

ಲಂಡನ್ನಿನ ಶ್ರೀಮಂತನೊಬ್ಬ ತಾನು ಸಾಕಬೇಕಾದ ಇಬ್ಬರು ತಬ್ಬಲಿ ಮಕ್ಕಳನ್ನು ಹಳ್ಳಿಗಾಡಿನ ಒಂಟಿ ಬಂಗಲೆಯಲ್ಲಿಟ್ಟು, ಇದೇ ಮೊದಲ ಸಲ ಕೆಲಸಕ್ಕೆ ಸೇರಿದ ಗವರ್ನೆಸ್ (ಡೆಬೊರಾ ಕೆರ್) ಕೈಗೆ ಒಪ್ಪಿಸ್ತಾನೆ. ಷರತ್ತು ಒಂದೇ: ನನಗೆ ತೊಂದರೆ ಕೊಡಬಾರದು. ಸತ್ತುಹೋದ ಆಳು ಕ್ವಿಂಟ್, ಹಿಂದಿನ ಗವರ್ನೆಸ್ ಜೆಸೆಲ್ ಅವಳ ಕಣ್ಣಿಗೆ ಬೀಳತೊಡಗುತ್ತಾರೆ. ದೆವ್ವವೋ, ಭ್ರಮೆಯೋ? ಸಿನಿಮಾ ಕೊನೆತನಕ ಬಿಟ್ಟುಕೊಡಲ್ಲ. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಬಣ್ಣ ಬಳಿದ ಫಿಲ್ಟರ್‌ಗಳಿಂದ ಸಿನಿಮಾಸ್ಕೋಪ್ ಪರದೆಯ ಅಂಚುಗಳನ್ನು ಕತ್ತಲಾಗಿಸಿದರು. ನಮ್ಮ ಕಣ್ಣೂ ಅಲ್ಲೇ ಏನನ್ನೋ ಹುಡುಕುತ್ತೆ.

ಕೊನೆಗೆ ಹುಡುಗ ಮೈಲ್ಸ್ ಸಾಯ್ತಾನೆ. ತಪ್ಪು ದೆವ್ವದ್ದಾ, ಗವರ್ನೆಸ್‌ದಾ ಅಂತ ಪ್ರೇಕ್ಷಕರು ಇವತ್ತಿಗೂ ವಾದಿಸ್ತಾರೆ. ಆಸ್ತಿಯನ್ನು ತಾನಿಟ್ಟುಕೊಂಡು ಹೊಣೆಯನ್ನು ಸಂಬಳದ ಹೆಣ್ಣಿಗೆ ದಾಟಿಸಿದ ಯಜಮಾನನ ಹೆಸರು ಆ ವಾದದಲ್ಲಿ ಬರೋದೇ ಅಪರೂಪ.